ಮೋಟನನ್ನು ಬಿಟ್ಟದ್ದು ಯಾರು

ಒಬ್ಬ ಮನುಷ್ಯ ಒಂದೇ ಹೊತ್ತಿನಲ್ಲಿ ಎರಡು ಕಡೆ ಇದ್ದ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಶೀಳನೆರೆ ಹತ್ತಿರದ ನಮ್ಮ ಹುಟ್ಟೂರಿನಲ್ಲಿ ಒಬ್ಬ ಮುದುಕನಿದ್ದ. ನಾಗಮಂಗಲಕ್ಕೆ ಕೊಟ್ಟಿದ್ದ ಅವನ ತಂಗಿ ಅಲ್ಲಿ ಸಾಯುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಅವನ ಹೊಲದ ಬದುವಿನ ಮೇಲೆ ನಡೆದು ಹೋದಳಂತೆ. ನಾವು ಹುಡುಗರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. “ಚಪ್ಲಿ ಆಕ್ಕಂಡಿದ್ಲಾ ತಾತ, ಬರಿಗಾಲಲ್ಲಿದ್ಲಾ?” ಎಂದು ಕೇಳಿ ನಗುತ್ತಿದ್ದೆವು. ಅವನು ಸಿಟ್ಟಾಗುತ್ತಿರಲಿಲ್ಲ. “ಕಾಲು ನೋಡ್ಲಿಲ್ಲ ಕಣ್ರಪ್ಪಾ” ಎನ್ನುತ್ತಿದ್ದ. ಆ ಉತ್ತರ ಕೇಳಿ ಇನ್ನಷ್ಟು ನಗುತ್ತಿದ್ದೆವು.

ನಾನು ಓದಿದ್ದು ಏಳನೇ ಕ್ಲಾಸು. ಪಾಂಡವಪುರದಲ್ಲಿ ಒಂದು ಬೂಸಾ ಅಂಗಡಿಯಲ್ಲಿ ಚೀಲ ಇಳಿಸಿ ಏರಿಸುವ ಕೆಲಸ. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿರುವುದಕ್ಕೆ ಒಂದೇ ಕಾರಣ. ಕೆಲವು ವರ್ಷದ ಹಿಂದೆ ಹೊಳೆ ಬಂದಾಗ ನಾನು ನನ್ನ ಅಕ್ಕನಿಗೆ ಒಂದು ಮೋಸ ಮಾಡಿದೆ. ಮಾಡಿದ್ದೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಓದುವವರಾದರೂ ಒಪ್ಪಲಿ ಎಂದು ನಡೆದದ್ದನ್ನು ನಡೆದ ಹಾಗೆ ಇಡುತ್ತೇನೆ.

ಅಕ್ಕನ ಹೆಸರು ಜಯಮ್ಮ. ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಕ್ಕ ಸ್ಕೂಲು ನಿಲ್ಲಿಸಿ ನನ್ನನ್ನು ಸಾಕಿದಳು. ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದಾಗ ಟ್ರಂಕಿನ ಜೊತೆ ನನ್ನನ್ನೂ ಕರೆದುಕೊಂಡು ಹೋದಳು. ಭಾವ ಬಂದವರಿಗೆಲ್ಲ ನನ್ನನ್ನು ತೋರಿಸಿ, “ಮಾವ ಬಳುವಳಿ ಕೊಟ್ಟಿರೋ ಕರ ಇದು, ಆಲು ಮಾತ್ರ ಕೊಡಾಕಿಲ್ಲ” ಎಂದು ನಗುತ್ತಿದ್ದರು. ಅವರೂ ಹೋಗಿ ಬಹಳ ವರ್ಷವಾಯಿತು. ಮಕ್ಕಳಾಗಲಿಲ್ಲ. ಅಕ್ಕ ಸ್ನಾನಘಟ್ಟದ ಮೆಟ್ಟಿಲ ಪಕ್ಕ ಕೂತು, ಅಪರಕರ್ಮಕ್ಕೆ ಬರುವವರಿಗೆ ಎಳ್ಳು, ದರ್ಭೆ, ಬಾಳೆಎಲೆ ಮಾರುತ್ತಾಳೆ. ಮನೆ ಕೋಟೆ ಗೋಡೆಗೂ ಹೊಳೆಗೂ ನಡುವೆ ತಗ್ಗಿನಲ್ಲಿದೆ.

ಮೋಟ ಅವಳ ನಾಯಿ. ಅಸ್ಥಿ ಬಿಡಲು ಬಂದ ಯಾರೋ ಕಾರಿನಲ್ಲಿ ತಂದಿದ್ದ ಮರಿಯನ್ನೂ ಅಲ್ಲೇ ಬಿಟ್ಟು ಹೋಗಿದ್ದರು. ಹುಟ್ಟಿನಿಂದಲೇ ಬಾಲ ಅರ್ಧ, ಅದಕ್ಕೆ ಆ ಹೆಸರು. ಅಕ್ಕನನ್ನು ಬಿಟ್ಟರೆ ಬೇರೆ ಯಾರನ್ನೂ ಅದು ಹತ್ತಿರ ಸೇರಿಸುತ್ತಿರಲಿಲ್ಲ. ಖಾಕಿ ಕಂಡರಂತೂ ಕಚ್ಚುವುದೇ. ನನ್ನ ಮೀನಖಂಡಕ್ಕೂ ಒಂದು ಸಲ ಹಲ್ಲು ಹಾಕಿತ್ತು. ಐದು ಇಂಜೆಕ್ಷನ್ ಮಾಡಿಸಿಕೊಂಡೆ. ಅಕ್ಕ ಗಾಯ ತೊಳೆಯುತ್ತಾ, “ನೀನ್ಯಾಕ್ಲಾ ಕಳ್ನಂಗೆ ಇತ್ಲು ಕಡಿಂದ ಬಂದೆ?” ಎಂದು ನನ್ನನ್ನೇ ಬೈದಿದ್ದಳು. ಆ ಸಿಟ್ಟು ನನ್ನಲ್ಲಿ ಇತ್ತೆಂದು ಒಪ್ಪಿಕೊಳ್ಳಬೇಕು. ಇಲ್ಲ ಎಂದರೆ ಇದನ್ನು ಬರೆದೂ ಪ್ರಯೋಜನವಿಲ್ಲ.

ಆ ವರ್ಷ ಕೊಡಗಿನಲ್ಲಿ ವಾರಗಟ್ಟಲೆ ಮಳೆ. ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರು. ತಗ್ಗಿನ ಬೀದಿಗಳ ಜನರನ್ನು ಕಲ್ಯಾಣಮಂಟಪದ ಗಂಜಿ ಕೇಂದ್ರಕ್ಕೆ ಸಾಗಿಸಿದರು. ಜನಕ್ಕೆ ಚಾಪೆ, ಅನ್ನ, ಸಾರು ಎಲ್ಲ ಸಿಕ್ಕಿತು. ಸಾಕಿದ ನಾಯಿ ಬೆಕ್ಕುಗಳನ್ನು ಒಳಗೆ ಬಿಡಲಿಲ್ಲ. ಅವು ಗೇಟಿನ ಹೊರಗೆ ಮಳೆಯಲ್ಲಿ ಕೂತು ಒಳಗೆ ನೋಡುತ್ತಿದ್ದವು.

ನಮ್ಮ ಅಂಗಡಿಗೆ ಬಾಡಿಗೆ ಹೊಡೆಯುವ ಗೂಡ್ಸ್ ಆಟೋದವನು ರಫೀಕ್. ನನ್ನ ಸ್ನೇಹಿತ. ಇದನ್ನು ನೋಡಿ ಬಂದು ನಮ್ಮ ಸಾಹುಕಾರರ ಮುಂದೆ ನಿಂತು, “ಅಣ್ಣಾ, ನಿಮ್ ಹಿಂದಿನ್ ಗೋಡೌನು ಖಾಲಿ ಐತಲ್ಲ, ನಾಕ್ ದಿವ್ಸ ಕೊಡ್ರಿ. ಬೇಜುಬಾನ್ ಅವು, ಬಾಯಿಲ್ದೋವು” ಎಂದ. ಸಾಹುಕಾರರು ಒಪ್ಪಿದರು. ಬಾಡಿಗೆ ಇಲ್ಲದ ಕೆಲಸಕ್ಕೆ ಅವನೂ ನಾನೂ ಇಬ್ಬರೇ ಆಳುಗಳು.

ಎರಡು ದಿನದಲ್ಲಿ ಹನ್ನೊಂದು ನಾಯಿ, ಐದು ಬೆಕ್ಕು, ಎರಡು ಮೊಲ, ಒಂದು ಬಾತುಕೋಳಿ ಸೇರಿದವು. ಬೆಕ್ಕುಗಳಿಗೆ ಟೊಮೇಟೊ ಕ್ರೇಟು ಬೋರಲು ಹಾಕಿ ಮನೆ ಮಾಡಿದೆವು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಯಾರ ಪ್ರಾಣಿ, ಯಾವ ಬೀದಿ ಎಂದು ಬರೆದು ಒಂದೊಂದರ ಮೇಲೆ ಗೋಡೆಗೆ ಅಂಟಿಸಿದೆವು. ಮೊದಲ ದಿನ ಯಾವ ನಾಯಿಯೂ ಅನ್ನ ಮುಟ್ಟಲಿಲ್ಲ. ರಾಗಿ ಅಂಬಲಿಗೆ ಹಾಲು ಹಾಕಿ ಇಟ್ಟರೂ ಮೂಸಿ ಮುಖ ತಿರುಗಿಸಿದವು. ಆಮೇಲೆ ನಮಗೆ ಒಂದು ಉಪಾಯ ತಿಳಿಯಿತು. ಗಂಜಿ ಕೇಂದ್ರದಿಂದ ಮನೆಯವರು ಫೋನು ಮಾಡಿ, “ಒಸಿ ನಮ್ ಟಾಮಿಗೆ ಕೊಡಣ್ಣ, ಮಾತಾಡ್ತೀನಿ” ಎನ್ನುತ್ತಿದ್ದರು. ನಾನು ಫೋನನ್ನು ನಾಯಿಯ ಕಿವಿಗೆ ಹಿಡಿಯುತ್ತಿದ್ದೆ. “ಉಣ್ಣು ಮಗಾ, ನಾಳೀಕೆ ಬತ್ತೀನಿ” ಎಂದು ಆ ಕಡೆಯಿಂದ ಹೇಳಿದರೆ ಇದು ತಲೆ ಓರೆ ಮಾಡಿ ಕೇಳಿ, ಆಮೇಲೆ ತಟ್ಟೆಗೆ ಬಾಯಿ ಹಾಕುತ್ತಿತ್ತು. ರಫೀಕ್ ನಗುತ್ತಿದ್ದ. “ನಮ್ ಮನೇಲಿ ನಾನ್ ಫೋನ್ ಮಾಡುದ್ರೆ ಇಷ್ಟು ಇಜ್ಜತ್ ಇಲ್ಲ ಗುರು.”

ಅಕ್ಕನ ಬೀದಿಗೆ ಇನ್ನೂ ನೀರು ಬಂದಿರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಬಂತು. ಪೊಲೀಸರು ಬಂದು ಏಳಿಸಿ ವ್ಯಾನಿಗೆ ಹತ್ತಿಸಿದರು. ಮೋಟ ಅವರ ಮೇಲೆ ಬೀಳುತ್ತದೆಂದು ಅಕ್ಕ ಅದನ್ನು ಹಿತ್ತಲಿನ ಕಲ್ಲುಕಂಬಕ್ಕೆ ಕಟ್ಟಿದ್ದಳು. ಬಿಚ್ಚಲು ವ್ಯವಧಾನ ಕೊಡಲಿಲ್ಲ. ತೆಂಗಿನ ನಾರಿನ ಹಗ್ಗ. ಜೀರುಗುಣಿಕೆಯಾದರೆ ಎಳೆದಾಗ ಕತ್ತು ಬಿಗಿಯುತ್ತದೆ ಎಂದು ದನ ಕಟ್ಟುವ ಹಾಗೆ ಸುತ್ತಿ, ಜಾರದ ಗಂಟು ಹಾಕಿದ್ದಳು. ಕತ್ತಿನ ಹಿಂದಿರುವ ಆ ಗಂಟನ್ನು ನಾಯಿ ತಾನಾಗಿ ಬಿಚ್ಚಿಕೊಳ್ಳುವುದು ಆಗದ ಮಾತು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಾವು ಅಕ್ಕನ ಬೀದಿಯ ತುದಿಯಲ್ಲಿದ್ದೆವು. ಆಟೋದಲ್ಲಿ ಆಗಲೇ ಬೇರೆ ಬೀದಿಯ ಎರಡು ನಾಯಿಗಳಿದ್ದವು. ಎದುರಿಗೆ ಬೀದಿ ತುಂಬ ಕೆಂಪು ನೀರು, ಮೊಣಕಾಲು ಮಟ್ಟ. ಅಕ್ಕನ ಹಿತ್ತಲು ಅಲ್ಲಿಂದ ಹೆಚ್ಚೆಂದರೆ ಐವತ್ತು ಹೆಜ್ಜೆ. ಮೋಟ ಬೊಗಳುವುದು ಚೆನ್ನಾಗಿ ಕೇಳಿಸುತ್ತಿತ್ತು. ನನಗೆ ಈಜು ಬರುವುದಿಲ್ಲ. ನೀರಿನ ಅಡಿಯಲ್ಲಿ ಚರಂಡಿ ಎಲ್ಲಿದೆ, ರಸ್ತೆ ಎಲ್ಲಿದೆ ತಿಳಿಯುತ್ತಿರಲಿಲ್ಲ. ನಿಂತೆ. ಅಕ್ಕನಿಗೆ ಫೋನು ಮಾಡಿದೆ. ಆ ಕಡೆ ಮೈಕಿನ ಕೂಗು, ಮಕ್ಕಳ ಅಳು. ಅದರ ನಡುವೆ ಅವಳು ಕೂಗಿದಳು.

“ಮೋಟನ್ನ ಬುಟ್ಬುಟ್ಟು ಬಾ ಕಣ್ಲಾ! ತಡ ಮಾಡ್ಬ್ಯಾಡ, ಬುಟ್ಟು ಬಾ!”

ಅಷ್ಟರಲ್ಲಿ ಫೋನು ನಿಂತಿತು. ಅವಳ ಫೋನಿನ ಚಾರ್ಜು ಮುಗಿದಿತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಟ್ಟು ಬಾ ಎಂದರೆ ಹಗ್ಗ ಬಿಚ್ಚಿ, ನಾಯಿಯನ್ನು ಬಿಟ್ಟು ಬಾ ಎಂದೂ ಆಗುತ್ತದೆ. ಅದನ್ನು ಅಲ್ಲೇ ಬಿಟ್ಟು ನೀನು ಬಾ ಎಂದೂ ಆಗುತ್ತದೆ. ಅಕ್ಕ ಯಾವುದನ್ನು ಹೇಳಿದಳು ಎಂದು ನನಗೆ ಆಗಲೇ ಗೊತ್ತಿತ್ತು. ಹೆತ್ತ ಮಗುವಿನಂತೆ ಸಾಕಿದ ನಾಯಿ ಕಟ್ಟಿದ ಹಾಗೇ ಮುಳುಗಲಿ ಎಂದು ಅವಳು ಹೇಳುತ್ತಾಳೆಯೇ? ಗೊತ್ತಿದ್ದೂ ನನಗೆ ಅನುಕೂಲವಾದ ಅರ್ಥವನ್ನು ಇಟ್ಟುಕೊಂಡೆ. ರಫೀಕ್ ಆಟೋದಿಂದ ತಲೆ ಹೊರಗೆ ಹಾಕಿ, “ಏನಂದ್ರು ಅಕ್ಕ?” ಎಂದ.

“ಬುಟ್ಟು ಬಾ ಅಂದ್ಲು.”

ಅವನು ಹಿತ್ತಲಿನ ಕಡೆ ನೋಡಿದ. “ಬುಟ್ಟು ಬಾ ಅಂದ್ರಾ?”

“ಊಂ ಕಣೋ, ನಡಿ.”

ಅವನು ಆಟೋ ತಿರುಗಿಸಿದ. ಮೋಟ ಬೊಗಳುತ್ತಲೇ ಇತ್ತು. ಆಟೋದಲ್ಲಿದ್ದ ಎರಡು ನಾಯಿಗಳು ಕೋಟೆ ಬಾಗಿಲು ದಾಟುವವರೆಗೂ ಆ ಕಡೆಯೇ ಮುಖ ಮಾಡಿ ನಿಂತಿದ್ದವು.

ಪಾಂಡವಪುರಕ್ಕೆ ಬಂದು ಕೆಲಸಕ್ಕೆ ಕೈ ಹಾಕಿದೆ. ನಾಯಿಗಳ ಮೈ ಒರೆಸಿದೆ, ಉಣ್ಣೆಹುಳ ಕಿತ್ತೆ, ಒದ್ದೆ ಗೋಣಿ ತೆಗೆದು ಒಣಗಿದ್ದು ಹಾಸಿದೆ. ಯಾವಾಗಲೂ ಮಾಡುವುದಕ್ಕಿಂತ ಹೆಚ್ಚು ಮಾಡಿದೆ. ಫೋನು ಮಾಡಿದವರೆಲ್ಲ ನನ್ನನ್ನು ಹರಸಿದರು. ಒಬ್ಬ ಅಜ್ಜಿ, “ನಿನ್ ಒಟ್ಟೆ ತಣ್ಣಗಿರ್ಲಿ ಕಣಪ್ಪ, ಯಾರ್ ಮಗನೋ ಏನೋ” ಎಂದಳು. ನಾನು ಫೋನು ಇಟ್ಟು ಗೋಡೆಯ ಕಡೆ ತಿರುಗಿ ನಿಂತೆ.

ಮಧ್ಯಾಹ್ನ ಊಟ ಮಾಡುವಾಗ ರಫೀಕ್ ಮತ್ತೆ ಕೇಳಿದ. “ಗುರು, ನಂಗ್ಯಾಕೋ ಸಮಾಧಾನ ಆಗ್ತಾ ಇಲ್ಲ. ಇನ್ನೊಂದ್ ಸಲ ಓಗ್ಬರುವಾ, ಎರಡ್ ನಿಮಿಷದ್ ಕೆಲ್ಸ.”

“ರಸ್ತೆ ಬಂದ್ ಮಾಡಿರ್ತಾರೆ” ಎಂದೆ.

ಆಗ ರಸ್ತೆ ಬಂದ್ ಆಗಿರಲಿಲ್ಲ. ಮೂರು ಗಂಟೆಗೆ ಕಟ್ಟೆಯಿಂದ ಇನ್ನಷ್ಟು ನೀರು ಬಿಟ್ಟರು. ಆಮೇಲೆ ನಿಜವಾಗಿಯೂ ಬಂದ್ ಆಯಿತು.

ನಾನು ಹೇಳಬೇಕೆಂದುಕೊಂಡದ್ದು ನಡೆದದ್ದು ಇದಾದ ಮೇಲೆ, ನಾಲ್ಕು ಗಂಟೆಯ ಸುಮಾರಿಗೆ.

ಮಳೆ ನಿಂತಿತ್ತು. ಗೋಡೌನಿನ ಮೇಲ್ಗಡೆಯ ಗಾಜಿನ ಹೆಂಚಿನಿಂದ ಹಾಲಿನ ಬಣ್ಣದ ಬೆಳಕು ಇಳಿದು, ಬೂಸಾದ ಧೂಳು ಅದರಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಸಕ್ಕರೆ ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ಹುಳಿಸಿಹಿ ವಾಸನೆ. ಪ್ರಾಣಿಗಳೆಲ್ಲ ಉಂಡು ಮಲಗಿದ್ದವು. ನಾನು ಮೂಲೆಯಲ್ಲಿ ಉಳಿದಿದ್ದ ಹಿಂಡಿಯ ಚೀಲಗಳಿಗೆ ಒರಗಿ ಕೂತೆ. ನಿದ್ದೆ ಮಾಡಲಿಲ್ಲ. ಇದನ್ನು ಆಣೆ ಇಟ್ಟು ಹೇಳಬಲ್ಲೆ, ಏಕೆಂದರೆ ಬಾಗಿಲ ಹೊಸ್ತಿಲ ಮೇಲೆ ಕೂತ ರಫೀಕ್ ಫೋನಿನಲ್ಲಿ ಯಾರಿಗೋ ಟೈರಿನ ವಿಷಯ ಹೇಳುತ್ತಿದ್ದ ಒಂದೊಂದು ಮಾತೂ ನನ್ನ ಕಿವಿಗೆ ಬೀಳುತ್ತಿತ್ತು. ಬಾತುಕೋಳಿ ಒಂದು ಕಾಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು.

ಮೊದಲು ಪಾದ ತಣ್ಣಗಾಯಿತು. ನೆಲದ ಥಂಡಿ ಎಂದುಕೊಂಡೆ. ಆ ತಂಪು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ನೀರು. ಅದು ಎಳೆಯುತ್ತಿತ್ತು ಕೂಡ, ಮೆತ್ತಗೆ, ಮಗು ಸೀರೆ ಹಿಡಿದು ಎಳೆಯುವ ಹಾಗೆ. ಹೆದರಿಕೆ ಆಗಲಿಲ್ಲ. ಅದೇ ನನಗೆ ಈಗಲೂ ಆಶ್ಚರ್ಯ. ಬಕೆಟ್ಟಿನಲ್ಲಿ ತುಂಬಿದ ನೀರಿಗೂ ಹೆದರುವ ನನಗೆ ಆ ನೀರು ಎಂದಿನಿಂದಲೋ ಪರಿಚಯದ್ದು ಎನಿಸಿತು. ಕೆಂಪು ನೀರಿನ ಮೇಲೆ ಚೆಂಡುಹೂವು, ಬಾಳೆಎಲೆ ತುಂಡು, ಒಂದು ನೀಲಿ ಪ್ಲಾಸ್ಟಿಕ್ ಬಿಂದಿಗೆ ಸಾಲಾಗಿ ತೇಲಿ ನನ್ನ ಪಕ್ಕದಲ್ಲಿ ಹಾದು ಹೋದವು. ಯಾವುದಕ್ಕೂ ಅವಸರವಿರಲಿಲ್ಲ. ಸದ್ದೇ ಇರಲಿಲ್ಲ. ಸದ್ದೆಂದರೆ ರಫೀಕನದು ಮಾತ್ರ, ಎಲ್ಲೋ ದೂರದ ದಡದ ಮೇಲೆ ನಿಂತು ಟೈರಿನ ಮಾತಾಡುತ್ತಿರುವಂತೆ.

ಕೈಗೆ ಹಗ್ಗ ಸಿಕ್ಕಿತು. ನೆನೆದು ಉಬ್ಬಿದ ನಾರು. ಹಗ್ಗ ಹಿಡಿದು ಹೋದರೆ ಗಂಟು. ಎಡಗೈಯಿಂದ ಎಳೆದೆ, ಬರಲಿಲ್ಲ. ಉಗುರು ತೂರಿಸಿದೆ, ಬರಲಿಲ್ಲ. ನನ್ನ ಕಿವಿಯ ಹತ್ತಿರ ಬಿಸಿಯಾದ ಉಸಿರು. ನಾಯಿಯ ಉಸಿರು. ಅದು ಬೊಗಳಲಿಲ್ಲ, ನಡುಗುತ್ತಿತ್ತು. ಬಗ್ಗಿ ಗಂಟಿಗೆ ಬಾಯಿ ಹಾಕಿ ಹಲ್ಲಿನಿಂದ ಕಚ್ಚಿ ಎಳೆದೆ. ಬಾಯಿ ತುಂಬ ಕೆಸರಿನ ರುಚಿ. ಎರಡನೆಯ ಸಲ ಎಳೆದಾಗ ಗಂಟು ಸಡಿಲವಾಯಿತು.

ಆಗ ಯಾರೋ ಮೇಲಿನಿಂದ ನನ್ನ ಹೆಸರು ಹಿಡಿದು ಕೂಗಿದರು. ಹೆಂಗಸಿನ ದನಿ. ಯಾರದ್ದೆಂದು ಗುರುತಾಗುವಷ್ಟರಲ್ಲಿ ರಫೀಕನ ಮಾತು ಹತ್ತಿರ ಬಂತು.

“ಏನ್ ಗುರು, ಏನ್ ಮಾಡ್ದೆ ಇವುಕ್ಕೆ?”

ಕಣ್ಣು ತೆರೆದೇ ಇತ್ತು, ಆದರೂ ತೆರೆದಂತಾಯಿತು. ಹದಿಮೂರು ನಾಯಿಗಳೂ ಎದ್ದು ನಿಂತಿದ್ದವು. ಒಂದೂ ಬೊಗಳುತ್ತಿರಲಿಲ್ಲ. ಎಲ್ಲವೂ ನನ್ನ ಕಡೆ ನೋಡುತ್ತಿದ್ದವು. ಅನ್ನ ಹಾಕುವವನನ್ನು ನೋಡುವ ನೋಟ ಅದಲ್ಲ. ದೂರದಿಂದ ಬಂದವನನ್ನು ನೋಡುವ ನೋಟ.

“ನಾನು ಎಲ್ಲಿಗಾದ್ರೂ ಓಗಿದ್ನಾ?” ಎಂದು ಕೇಳಿದೆ.

“ಎಲ್ಲೋಗ್ತೀಯ? ಬಾಗಿಲಲ್ಲೇ ಕುಂತಿವ್ನಿ ನಾನು. ತೂಕಡಿಸ್ತಾ ಇದ್ದೆ ಅನ್ಸುತ್ತೆ.”

ಪ್ಯಾಂಟು ಮುಟ್ಟಿ ನೋಡಿಕೊಂಡೆ. ಒಣಗಿತ್ತು. ಅಂಗಿಯೂ ಒಣಗಿತ್ತು. ಕನಸು ಎಂದುಕೊಂಡೆ. ಬಾಯಿಯಲ್ಲಿ ಏನೋ ಚುಚ್ಚುತ್ತಿತ್ತು. ಬೆರಳು ಹಾಕಿ ತೆಗೆದೆ. ತೆಂಗಿನ ನಾರಿನ ಎಳೆ, ಒಂದು ಗೇಣು. ನಮ್ಮ ಗೋಡೌನಿನಲ್ಲಿ ಚೀಲ ಹೊಲಿಯುವುದು, ಕಟ್ಟುವುದು ಎಲ್ಲ ಸೆಣಬಿನ ದಾರದಲ್ಲಿ. ಪ್ರಾಣಿಗಳನ್ನು ಕಟ್ಟಿದ್ದೂ ಪ್ಲಾಸ್ಟಿಕ್ ಹಗ್ಗದಲ್ಲಿ. ಎಳೆಯನ್ನು ರಫೀಕನಿಗೆ ತೋರಿಸಲಿಲ್ಲ. ತೋರಿಸಿದರೆ ಬೆಳಗಿನದನ್ನೂ ಹೇಳಬೇಕಾಗುತ್ತಿತ್ತು.

“ನಡಿ, ಓಗುವಾ” ಎಂದೆ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಆಟೋ ತೆಗೆದ. ಶ್ರೀರಂಗಪಟ್ಟಣಕ್ಕೆ ಎರಡು ಮೈಲಿ ಇರುವಾಗಲೇ ಪೊಲೀಸರು ಬ್ಯಾರಿಕೇಡು ಹಾಕಿದ್ದರು. ಯಾರನ್ನೂ ಬಿಡಲಿಲ್ಲ. ನಾನು ಇಳಿದು ಕೈ ಮುಗಿದೆ. “ಒಂದು ನಾಯಿಗೋಸ್ಕರ ಸಾಯ್ತೀಯೇನಯ್ಯ?” ಎಂದರು. ಬೆಳಿಗ್ಗೆ ಮೊಣಕಾಲು ನೀರಿಗೆ ಇಳಿಯದವನು ಸಂಜೆ ಬ್ಯಾರಿಕೇಡು ಹಿಡಿದು ಅತ್ತೆ.

ಏಳು ಗಂಟೆಗೆ ಬೇರೆ ಯಾರದೋ ನಂಬರಿನಿಂದ ಅಕ್ಕನ ಫೋನು ಬಂತು. ಅವಳ ದನಿ ನಗುತ್ತಿತ್ತು.

“ಮೋಟ ಈಜ್ಕಂಡು ಬಂದ್ಬುಟ್ಟ ಕಣ್ಲಾ! ಗೇಟ್ ತಾವ ಕಟ್ಟಾಕಿವ್ನಿ. ನಾಳೆ ಬಂದು ಕರ್ಕಂಡೋಗು. ನೀನು ಬುಟ್ಟಿದ್ಕೆ ಉಳ್ಕಂಡ, ಇಲ್ದಿದ್ರೆ...” ಎಂದು ಅಷ್ಟಕ್ಕೇ ನಿಲ್ಲಿಸಿದಳು. “ಬುಟ್ಯಲ್ಲ, ಅದ್ಕೆ.”

ಹಗ್ಗ ಹೇಗೋ ಕಿತ್ತು ಹೋಗಿರಬೇಕು, ಬೆಳಿಗ್ಗೆಯೇ ನಾನು ಬಿಚ್ಚಿ ಬಂದೆ ಎಂದು ಅಕ್ಕ ತಿಳಿದಿದ್ದಾಳೆ ಎಂದುಕೊಂಡೆ. ಅಲ್ಲ ಎಂದು ಹೇಳಲು ಒಂದು ಉಸಿರಿನಷ್ಟು ಸಮಯವಿತ್ತು.

“ಊಂ ಕಣಕ್ಕ, ಬುಟ್ಟೆ” ಎಂದೆ.

ನಾನು ಮಾಡಿದ ಮೋಸ ಇದು. ಮಾತಿಗೆ ಮಾತು ಹಿಡಿದರೆ ಸುಳ್ಳೂ ಅಲ್ಲ. ಬಿಟ್ಟದ್ದು ನಿಜವೇ.

ಮರುದಿನ ಸಣ್ಣ ವಾಹನಗಳನ್ನು ಬಿಟ್ಟರು. ಗೋಡೌನು ಬಿಟ್ಟು ಬರಲಾಗುವುದಿಲ್ಲ ಎಂದು ನೆಪ ಹೇಳಿ ರಫೀಕನೊಬ್ಬನನ್ನೇ ಕಳಿಸಿ ಮೋಟನನ್ನು ತರಿಸಿದೆ. ಮೊದಲಿನ ಹಾಗೆ ಮೇಲೆ ಬೀಳುತ್ತದೆಂದು ನಾನು ಕ್ರೇಟುಗಳ ಹಿಂದೆ ನಿಂತಿದ್ದೆ. ಅದು ಆಟೋದಿಂದ ಇಳಿದು, ಉಳಿದ ನಾಯಿಗಳ ನಡುವೆ ನೇರವಾಗಿ ನಡೆದು ಬಂದು, ನನ್ನ ಎಡಗೈ ಮೂಸಿತು. ಆಮೇಲೆ ಬಾಯಿ ಮೂಸಿತು. ಆಮೇಲೆ ಅರ್ಧ ಬಾಲ ಅಲ್ಲಾಡಿಸುತ್ತಾ ನನ್ನ ಪಾದಗಳ ಮೇಲೆ ಮಲಗಿತು. ಹದಿನೈದು ದಿನ ಗೋಡೌನಿನಲ್ಲಿತ್ತು. ನಾನು ಎಲ್ಲಿ ಹೋದರೂ ಹಿಂದೆ ಬಂತು. “ಮೊದ್ಲು ಕಚ್ಚಿದ್ದು ಇದೇ ನಾಯೇನಾ, ಇಲ್ಲ ಅಕ್ಕ ಬದ್ಲಾಯಿಸ್ಬುಟ್ರಾ?” ಎಂದ ರಫೀಕ್. ನನಗೆ ಅದರ ಕಣ್ಣು ನೋಡಲಾಗುತ್ತಿರಲಿಲ್ಲ. ಕಚ್ಚಿದ್ದರೆ ಹಗುರವಾಗುತ್ತಿತ್ತು.

ನೀರು ಇಳಿಯಿತು. ಜನ ಒಬ್ಬೊಬ್ಬರೇ ಬಂದು ತಮ್ಮ ತಮ್ಮವನ್ನು ಕರೆದುಕೊಂಡು ಹೋದರು. ಬಾತುಕೋಳಿಯ ಯಜಮಾನ ಕೊನೆಗೆ ಬಂದ. ಗೋಡೆಯ ಮೇಲಿನ ಕ್ಯಾಲೆಂಡರ್ ಹಾಳೆಗಳನ್ನು ಕಿತ್ತು, ನೆಲ ತೊಳೆದು, ಬೂಸಾ ತುಂಬಿದೆವು. ಮೋಟನನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಗೋಡೆಯ ಮೇಲೆ ನನ್ನ ಎದೆಯ ಮಟ್ಟಕ್ಕೆ ಕೆಸರಿನ ಗೆರೆ. ನೆರೆಯವರು ಕೂಡಿದ್ದರು. ಅಕ್ಕ ನನ್ನ ಭುಜ ಹಿಡಿದು ಅವರ ಮುಂದೆ ನಿಲ್ಲಿಸಿ, “ಈಜು ಬಾರ್ದೋನು, ಎದೆಮಟ್ಟದ್ ನೀರಿಗೆ ಇಳ್ದವ್ನೆ. ನಾನ್ ಸಾಕಿದ್ದು ದಂಡಕ್ಕೋಗ್ಲಿಲ್ಲ” ಎಂದಳು. ಬೆಳಿಗ್ಗೆ ನೀರು ಇದ್ದದ್ದು ಮೊಣಕಾಲು ಮಟ್ಟ. ಪ್ರೀತಿಗೆ ಹೆಚ್ಚು ಮಾಡಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಅಲ್ಲಿಂದ ನಾನು ಅವಳ ಮನೆಗೆ ಹೋಗುವುದು ಕಡಿಮೆ ಮಾಡಿದೆ. ಹೋದರೆ ಮೀನಿನ ಸಾರು ಮಾಡುತ್ತಾಳೆ, ಯಾರಾದರೂ ಬಂದರೆ ಮತ್ತೆ ಅದೇ ಕಥೆ. ತಟ್ಟೆ ಅರ್ಧಕ್ಕೆ ಬಿಟ್ಟು ಏಳುತ್ತಿದ್ದೆ. ಮೂರು ತಿಂಗಳು ಹೀಗೆ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೋದೆ. ಅಕ್ಕ ಹಿತ್ತಲಲ್ಲಿ ಕೂತು ಮೊರದಲ್ಲಿ ಎಳ್ಳು ಹಸನು ಮಾಡುತ್ತಿದ್ದಳು. ಹೊಳೆ ಎಂದಿನ ಜಾಗದಲ್ಲಿ, ಏನೂ ಮಾಡದವರ ಹಾಗೆ, ಮಂಜಿನ ಅಡಿಯಲ್ಲಿ ಹರಿಯುತ್ತಿತ್ತು.

“ಅಕ್ಕ, ನಾನು ಮೋಟನ್ನ ಬುಡ್ಲಿಲ್ಲ” ಎಂದೆ. “ಬೀದಿ ತುದಿಯಿಂದ್ಲೇ ವಾಪಸ್ ಓದೆ. ನೀನು ಬುಟ್ಟು ಬಾ ಅಂದಿದ್ದು ಏನು ಅಂತ ಗೊತ್ತಿತ್ತು. ಗೊತ್ತಿದ್ದೂ ಓದೆ.”

ಅವಳು ಮೊರದಿಂದ ಕಣ್ಣೆತ್ತದೆ ನಕ್ಕಳು. “ಬೆಳಿಗ್ಗೆ ಓಗ್ಬುಟ್ಟೆ ಅಂತ ನಂಗೊತ್ತು ಬುಡ್ಲಾ. ಅದ್ಕೆ ತಾನೆ ನಾಕ್ ಗಂಟೆಗೆ ವಾಪಸ್ ಬಂದಿದ್ದು ನೀನು.”

“ನಾಕ್ ಗಂಟೆಗಾ?”

“ನಾನು ಕೋಟೆ ಗೋಡೆ ಮೇಲೆ ನಿಂತಿದ್ದೆ. ಮಂಟಪದಲ್ಲಿ ಕುಂತಿರಾಕೆ ಆಗ್ದೆ ಬಂದೆ, ಮನೆ ಐತೋ ಓಯ್ತೋ ನೋಡ್ವ ಅಂತ. ನೋಡುದ್ರೆ ಮೋಟ ಬಟ್ಟೆ ಒಗೆಯೋ ಕಲ್ಲಿನ್ ಮೇಲೆ ನಿಂತವ್ನೆ, ಕತ್ತುಗಂಟ ನೀರು. ನೀನು ಕಂಬದ್ ತಾವ. ಎಡಗೈಲಿ ಎಳುದ್ರೆ ಬರ್ಲಿಲ್ಲ, ಬಗ್ಗಿ ಹಲ್ಲಲ್ಲಿ ಕಚ್ಚಿ ಎಳ್ದೆ. ಚಿಕ್ಕೋನಾಗಿದ್ದಾಗ್ಲೂ ಅಂಗೇ ನೀನು, ಲಾಡಿ ಗಂಟೂ ಹಲ್ಲಲ್ಲೇ.”

ಹಲ್ಲಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ.

“ನಾನಲ್ಲ ಅಕ್ಕ. ಬೋಟಿನವರು ಯಾರೋ ಇರ್ಬೇಕು. ನಾಕ್ ಗಂಟೇಲಿ ನಾನು ಪಾಂಡವಪುರದಲ್ಲಿದ್ದೆ. ರಫೀಕ್ನ ಕೇಳು.”

“ಬೋಟು ಬರ್ಲೇ ಇಲ್ಲ ಈ ಕಡೀಕೆ, ಸೆಳವು ಜಾಸ್ತಿ ಅಂತ. ಕೂಗ್ದೆ ನಾನು, ನಿನ್ ಹೆಸ್ರಿಡ್ಕಂಡು. ತಲೆ ಎತ್ತಿ ನನ್ನೇ ನೋಡ್ದೆ. ನನ್ ತಮ್ಮನ್ ಮುಖ ನಂಗೆ ಗೊತ್ತಾಗಾಕಿಲ್ವೇನ್ಲಾ? ಮುಚ್ಚು ಬಾಯ. ಮಾಡಿದ್ ಒಳ್ಳೇದ್ನ ಯಾಕೆ ಇಲ್ಲ ಅಂತೀಯ?”

ಒಳಗೆ ಹೋಗಿ ಹಗ್ಗ ತಂದು ನನ್ನ ಮುಂದೆ ಹಾಕಿದಳು. ಕಂಬದ ಕಡೆಯ ತುದಿಯನ್ನು ಆಮೇಲೆ ಅವಳೇ ಕೊಯ್ದಿದ್ದಳು. ಕತ್ತಿನ ಕಡೆಯದು ಕಿತ್ತೂ ಇರಲಿಲ್ಲ, ಕೊಯ್ದೂ ಇರಲಿಲ್ಲ. ಬಿಚ್ಚಿತ್ತು. ಗಂಟಿದ್ದ ಜಾಗದಲ್ಲಿ ನಾರು ಹಿಂಜಿ ಎದ್ದಿತ್ತು.

ಆ ನಾರನ್ನು ಬೆರಳಲ್ಲಿ ಮುಟ್ಟಿ ನೋಡಿದೆ. ಆಮೇಲೆ ಗೋಡೌನಿನಲ್ಲಿ ಕೂತಿದ್ದಾಗ ನನಗೆ ಆದದ್ದನ್ನೆಲ್ಲ ಅವಳಿಗೆ ಹೇಳಿದೆ. ನೀರು, ಚೆಂಡುಹೂವು, ನೀಲಿ ಬಿಂದಿಗೆ, ಹಲ್ಲಿನ ಸಂದಿಯ ನಾರು. ನೀಲಿ ಬಿಂದಿಗೆ ಎಂದಾಗ ಅವಳ ಕೈ ಮೊರದ ಮೇಲೆ ನಿಂತಿತು. ಅದು ಅವಳದೇ, ಆ ಮಧ್ಯಾಹ್ನ ಹಿತ್ತಲಿನಿಂದ ತೇಲಿ ಹೋದದ್ದು.

“ಅಕ್ಕ, ಗಂಟು ಬಿಚ್ಚಿದ್ಮೇಲೆ ಏನಾಯ್ತು?” ಎಂದು ಕೇಳಿದೆ.

“ಮೋಟ ನೀರಿಗೆ ಬಿದ್ದ. ಸೆಳವು ಅವನ್ನ ಎಳ್ಕಂಡೋಯ್ತು ಅಂತ ಜೀವ ಬಾಯಿಗ್ ಬಂತು. ಕೋಟೆ ಕಡೀಕೇ ಈಜ್ಕಂಡು ಬಂದ. ನಾನು ಓಡೋಗಿ ಕೆಳೀಕೆ ಇಳ್ದು ಎತ್ಕಂಡೆ.”

“ನಾನು?”

“ನೀನು...” ಎಂದಳು. ಯೋಚಿಸಿದಳು. ನನ್ನನ್ನು ನೋಡಿದಳು, ಹೊಳೆಯನ್ನು ನೋಡಿದಳು, ಕಂಬವನ್ನು ನೋಡಿದಳು. “ನಾನು ಮೋಟನ್ನೇ ನೋಡ್ತಿದ್ದೆ ಕಣ್ಲಾ. ತಿರುಗಿ ನೋಡ್ದಾಗ ನೀನಿರ್ಲಿಲ್ಲ. ಬೀದಿ ಕಡಿಂದ ಓಗಿರ್ತೀಯ ಅಂದ್ಕಂಡೆ.” ಮೊರ ಪಕ್ಕಕ್ಕೆ ಇಟ್ಟು ಅವಳೇ ಮೆಲ್ಲಗೆ ಹೇಳಿದಳು. “ಬೀದಿ ಇನ್ನೂ ತಗ್ಗು, ಅಲ್ಲಿ ಅವಾಗ ಆಳುದ್ದ ನೀರು.”

ಅಂದಿನಿಂದ ಅವಳು ಯಾರ ಮುಂದೆಯೂ ನನ್ನನ್ನು ಹೊಗಳಿಲ್ಲ. ಬೈದೂ ಇಲ್ಲ. ನಾನು ಹೋದಾಗ ಒಮ್ಮೊಮ್ಮೆ ಕೆಲಸ ನಿಲ್ಲಿಸಿ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಾಳೆ, ಅಷ್ಟೇ. ಮೋಟನಿಗೆ ಈಗ ವಯಸ್ಸಾಗಿದೆ. ಕಣ್ಣು ಮಂಜು. ನಾನು ಬಂದರೆ ಎದ್ದು ಬಂದು ಮೂಸುತ್ತದೆ.

ತಿಳಿದವರನ್ನು ಕೇಳಿದೆ. ಒಬ್ಬರು ಮನಸ್ಸಿನ ಆಟ ಎಂದರು, ಒಬ್ಬರು ದೇವರ ಆಟ ಎಂದರು. ಅಕ್ಕನ ಕಣ್ಣು ತಪ್ಪಿರಬಹುದು ಎಂದರೆ ಹಗ್ಗವಿದೆ. ನನ್ನ ತಲೆ ಕೆಟ್ಟಿತ್ತು ಎಂದರೆ ಅಕ್ಕ ನೋಡಿದ್ದಾಳೆ. ನನಗೆ ಯಾವುದೂ ಕೂಡಿ ಬರುವುದಿಲ್ಲ. ಇಷ್ಟು ಮಾತ್ರ ಗೊತ್ತು. ಅಕ್ಕನ ಮಾತಿನ ಸರಿಯಾದ ಅರ್ಥ ಹಿಡಿದು, ಈಜು ಬಾರದಿದ್ದರೂ ನೀರಿಗೆ ಇಳಿದ ಒಬ್ಬ ತಮ್ಮ ಇದ್ದ. ಅವನು ನೀರಿನಿಂದ ಆಚೆ ಬಂದದ್ದನ್ನು ಯಾರೂ ನೋಡಿಲ್ಲ. ಉಳಿದಿರುವವನು ನಾನು, ಹೋಗದೇ ಇದ್ದವನು.